ಹಳೆಯ ಮನೆಗೆ ಹೊಸ ಉಸಿರು: ವಿದ್ಯುತ್ ಉಳಿತಾಯಕ್ಕೆ ಯಾವ ಕೆಲಸ ಮೊದಲು?

ಬೆಂಗಳೂರು: ಅಜ್ಜ ಕಟ್ಟಿಸಿದ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸುವುದೋ, ರಿಪೇರಿ ಮಾಡಿಸಿ ಉಳಿಸಿಕೊಳ್ಳುವುದೋ? ರಾಜ್ಯದ ನಗರಗಳ ಸಾವಿರಾರು ಕುಟುಂಬಗಳಲ್ಲಿ ಆಸ್ತಿ ಪಾಲಾಗುವ ಹೊತ್ತಿಗೆ ಈ ಪ್ರಶ್ನೆ ಎದುರಾಗುತ್ತದೆ. ಮಲ್ಲೇಶ್ವರ, ಬಸವನಗುಡಿಯಿಂದ ಹಿಡಿದು ಧಾರವಾಡದ ಮಾಳಮಡ್ಡಿಯವರೆಗೆ ನಾಲ್ಕೈದು ದಶಕ ದಾಟಿದ ಮನೆಗಳ ಮುಂದೆ ಇರುವ ದಾರಿಗಳು ಇವೆರಡೇ. ಬೇಸಿಗೆಯ ಸೆಕೆ, ಏರುವ ವಿದ್ಯುತ್ ಬಿಲ್ಲು, ಮಳೆಗಾಲದ ಸೋರಿಕೆ ಇವೆಲ್ಲ ಸೇರಿ ಮನೆ ಕೆಡವುವ ನಿರ್ಧಾರವನ್ನು ಬೇಗ ಮಾಡಿಸಿಬಿಡುತ್ತವೆ. ಆದರೆ ಈ ಮೂರೂ ತೊಂದರೆಗಳಿಗೆ ಕೆಡವದೆಯೇ ಪರಿಹಾರವಿದೆ. ಹಣವನ್ನು ಯಾವ ಕೆಲಸಕ್ಕೆ, ಯಾವ ಕ್ರಮದಲ್ಲಿ ಸುರಿಯಬೇಕು ಎಂಬುದು ತಿಳಿದಿರಬೇಕು, ಅಷ್ಟೆ.

ನವೀಕರಣ ಎಂದೊಡನೆ ಬಹುಮಂದಿ ಮೊದಲು ಯೋಚಿಸುವುದು ಹೊಸ ಟೈಲ್ಸ್, ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಅಡುಗೆಮನೆಯ ಬಗ್ಗೆ. ಇವು ಕಣ್ಣಿಗೆ ಹಿತ. ಆದರೆ ಮನೆಯ ಸೆಕೆಯನ್ನಾಗಲೀ ಬಿಲ್ಲನ್ನಾಗಲೀ ಇವು ಇಳಿಸುವುದಿಲ್ಲ. ಮನೆಯ ಆಯುಸ್ಸನ್ನು ನಿರ್ಧರಿಸುವ ಸೂರು, ತಂತಿ, ಕಿಟಕಿ ಮತ್ತು ಬಿಸಿನೀರಿನ ಸರದಿ ಬರುವ ಹೊತ್ತಿಗೆ ಕೈಯಲ್ಲಿದ್ದ ಹಣ ಮುಗಿದಿರುತ್ತದೆ.

ಎಲ್ಲ ಹಳೆಯ ಮನೆಗಳೂ ಒಂದೇ ಅಲ್ಲ

ಕೆಲಸ ಆರಂಭಿಸುವ ಮುನ್ನ ಮನೆ ಯಾವ ಕಾಲದ್ದು, ಯಾವ ಬಗೆಯದು ಎಂಬುದನ್ನು ಗುರುತಿಸಿಕೊಳ್ಳುವುದು ಅಗತ್ಯ. ಕರ್ನಾಟಕದ ಹಳೆಯ ಮನೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಹಂಚಿನ ಮನೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ‘ಮಂಗಳೂರು ಹಂಚು’ ಕರಾವಳಿ, ಮಲೆನಾಡು ದಾಟಿ ಬಯಲುಸೀಮೆಗೂ ಹರಡಿತು. ಎರಡನೆಯದು ಹಳೆಯ ಮೈಸೂರು ಭಾಗದ ಪಟ್ಟಣಗಳಲ್ಲಿ ಕಾಣುವ ಮದ್ರಾಸ್ ತಾರಸಿಯ ಮನೆ. ಮರದ ಜಂತಿಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಿಗಿದ ಚಾವಣಿ ಇದು. ಮೂರನೆಯದು ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಮನೆ. ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆ, ನಡುವೆ ಬೆಳಕಿಂಡಿ ಇದರ ಲಕ್ಷಣ. ನಾಲ್ಕನೆಯದು ಕಳೆದ ಶತಮಾನದ ಕೊನೆಯ ಮೂರು ದಶಕಗಳಲ್ಲಿ ನಗರಗಳ ಬಡಾವಣೆಗಳನ್ನು ತುಂಬಿದ ಆರ್‌ಸಿಸಿ ಮನೆ.

ಸೆಕೆಯ ದೃಷ್ಟಿಯಿಂದ ಹೆಚ್ಚು ದುರ್ಬಲವಾದುದು ಈ ಕೊನೆಯ ಬಗೆ. ಮಣ್ಣು ಮತ್ತು ಸುಣ್ಣದ ದಪ್ಪ ಚಾವಣಿಗಳು ಹಗಲಿನ ಶಾಖವನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತವೆ. ಹಂಚು ಬೇಗ ಕಾದರೂ ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತದೆ, ರಾತ್ರಿ ಬೇಗ ತಣಿಯುತ್ತದೆ. ನಾಲ್ಕೈದು ಅಂಗುಲದ ಬರಿಯ ಕಾಂಕ್ರೀಟ್ ಚಾವಣಿಯಾದರೋ ದಿನವಿಡೀ ಕಾದು, ಜನರು ಮಲಗುವ ವೇಳೆಗೆ ಆ ಶಾಖವನ್ನು ಕೋಣೆಯೊಳಕ್ಕೆ ಸುರಿಯತೊಡಗುತ್ತದೆ. ‘ರಾತ್ರಿ ಹತ್ತಾದರೂ ಮೇಲಿನ ಮಹಡಿ ತಣಿಯುವುದಿಲ್ಲ’ ಎಂಬ ಸಾಮಾನ್ಯ ದೂರಿಗೆ ಕಾರಣವಿದು. ತಂಪಿಗೆ ಹೆಸರಾದ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಹೀಗಾಗಿ ಈ ದೂರು ಈಗ ಕಲಬುರಗಿ, ರಾಯಚೂರಿಗಷ್ಟೇ ಸೀಮಿತವಾಗಿ ಉಳಿದಿಲ್ಲ.

ಮೊದಲ ಹೆಜ್ಜೆ: ನೀರು ಮತ್ತು ತಂತಿ

ಉಳಿತಾಯದ ಯಾವ ಕೆಲಸಕ್ಕೂ ಮುನ್ನ ಮನೆ ಒಣಗಿರಬೇಕು, ಸುರಕ್ಷಿತವಾಗಿರಬೇಕು. ಸೋರುವ ತಾರಸಿಯ ಮೇಲೆ ಶಾಖನಿರೋಧಕ ಪದರ ಹಾಕಿಸಿದರೆ ನೀರು ಅದರ ಅಡಿಯಲ್ಲಿ ಸಿಲುಕಿ, ಚಾವಣಿಯ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಇನ್ನಷ್ಟು ಬೇಗವಾಗುತ್ತದೆ. ಒಳಗಿನ ಚಾವಣಿಯಲ್ಲಿ ಗಾರೆ ಉಬ್ಬಿದ್ದರೆ, ಕಾಂಕ್ರೀಟ್ ಚೂರು ಉದುರಿ ಕಂಬಿ ಕಾಣುತ್ತಿದ್ದರೆ ಬಣ್ಣ ಬಳಿದು ಮುಚ್ಚುವುದು ಅಪಾಯಕಾರಿ. ಅಂತಹ ಮನೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಪರೀಕ್ಷಿಸಿಕೊಳ್ಳುವುದೇ ಮೊದಲ ಖರ್ಚಾಗಬೇಕು. ಮರದ ಜಂತಿಯ ಮನೆಯಾದರೆ ಗೋಡೆಯೊಳಗೆ ಸೇರಿರುವ ಜಂತಿಯ ತುದಿಗಳನ್ನು ನೋಡಬೇಕು. ಗೆದ್ದಲು ಮತ್ತು ತೇವ ಮೊದಲು ತಿನ್ನುವುದು ಅಲ್ಲಿಯೇ.

ಸುಣ್ಣದ ಗಾರೆ ಅಥವಾ ಮಣ್ಣಿನ ಗೋಡೆಗಳಿಗೆ ಸಿಮೆಂಟ್ ಗಿಲಾವು ಮಾಡಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಹಳೆಯ ಗೋಡೆ ತೇವವನ್ನು ಹೀರಿ ಗಾಳಿಗೆ ಬಿಡುವ ಗುಣದ್ದು. ಸಿಮೆಂಟ್ ಆ ದಾರಿಯನ್ನು ಮುಚ್ಚುವುದರಿಂದ ತೇವ ಗೋಡೆಯೊಳಗೇ ಉಳಿದು, ಕೆಲವೇ ವರ್ಷಗಳಲ್ಲಿ ಹೊಸ ಗಿಲಾವು ಉಬ್ಬಿ ಕಳಚುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಸರಿಯಾದ ಔಷಧ.

ಎರಡನೆಯ ಸಂಗತಿ ವೈರಿಂಗ್. ಮೂರ್ನಾಲ್ಕು ದಶಕಗಳ ಹಿಂದೆ ಕೆಲವು ಬಲ್ಬು, ಎರಡು ಫ್ಯಾನು, ಒಂದು ರೇಡಿಯೊ ಲೆಕ್ಕದಲ್ಲಿ ಎಳೆದ ತಂತಿಗಳ ಮೇಲೆ ಇಂದು ಗೀಸರ್, ವಾಷಿಂಗ್ ಮಷೀನ್, ಇಂಡಕ್ಷನ್ ಒಲೆ, ಎ.ಸಿ. ಎಲ್ಲದರ ಭಾರವೂ ಬಿದ್ದಿದೆ. ಅಲ್ಯೂಮಿನಿಯಂ ತಂತಿ, ಮರದ ಪಟ್ಟಿಯ ವೈರಿಂಗ್, ಫ್ಯೂಸ್ ಕ್ಯಾರಿಯರ್‌ಗಳು ಇನ್ನೂ ಉಳಿದಿರುವ ಮನೆಯಲ್ಲಿ ಪೂರ್ಣ ವೈರಿಂಗ್ ಬದಲಿಸುವುದು ಅನಿವಾರ್ಯ. ಪವರ್ ಸಾಕೆಟ್‌ಗಳಿಗೆ 2.5 ಚದರ ಮಿ.ಮೀ., ಎ.ಸಿ.ಯಂತಹ ಭಾರದ ಉಪಕರಣಗಳಿಗೆ 4 ಚದರ ಮಿ.ಮೀ. ತಾಮ್ರದ ತಂತಿ ಬಳಸುವುದು ರೂಢಿ. ಸರಿಯಾದ ಅರ್ತಿಂಗ್ ಹಾಗೂ 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿತಗೊಳಿಸುವ ಆರ್‌ಸಿಸಿಬಿ ಸಾಧನ ಇರಲೇಬೇಕು. ಇದರಿಂದ ಬಿಲ್ಲು ಇಳಿಯದಿರಬಹುದು, ಆದರೆ ಪ್ರಾಣ ಉಳಿಯುತ್ತದೆ. ಗೋಡೆ ಕೊರೆದು ಬಣ್ಣ ಬಳಿಯುವ ಮೊದಲೇ ಈ ಕೆಲಸ ಮುಗಿಯಬೇಕು.

ಹಿತ್ತಲಿನ ಕೋಣೆಗೋ ಸಜ್ಜಾಕ್ಕೋ ಹಾಕಿರುವ ಹಳೆಯ ಕಲ್ನಾರಿನ ಶೀಟುಗಳ ವಿಷಯದಲ್ಲೂ ಎಚ್ಚರ ಬೇಕು. ಅವನ್ನು ಒಡೆಯುವಾಗ, ಕೊರೆಯುವಾಗ ಏಳುವ ನಾರಿನ ದೂಳು ಕ್ಯಾನ್ಸರ್‌ಕಾರಕ. ಶೀಟನ್ನು ಒದ್ದೆ ಮಾಡಿ, ತುಂಡರಿಸದೆ ಇಡಿಯಾಗಿ ಇಳಿಸಬೇಕು.

ಸೂರು ತಣಿದರೆ ಮನೆ ತಣಿದಂತೆ

ಒಂದೆರಡು ಅಂತಸ್ತಿನ ಮನೆಗಳಲ್ಲಿ ಹೆಚ್ಚು ಬಿಸಿಲು ಬೀಳುವುದು ಚಾವಣಿಯ ಮೇಲೆ. ಆದ್ದರಿಂದ ತಂಪಿಗಾಗಿ ಮಾಡುವ ಖರ್ಚಿನಲ್ಲಿ ಮೊದಲ ಪಾಲು ಅದಕ್ಕೇ ಸಲ್ಲಬೇಕು.

ಎಲ್ಲಕ್ಕಿಂತ ಅಗ್ಗದ ಉಪಾಯ ತಾರಸಿಗೆ ಬಿಳಿ ಬಳಿಯುವುದು. ಹಳೆಯ ಬೂದುಬಣ್ಣದ ಕಾಂಕ್ರೀಟ್ ಬಿಸಿಲಿನ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ಪ್ರತಿಫಲಿಸುವ ಬಿಳಿ ಲೇಪನವಾದರೆ ಹೆಚ್ಚಿನ ಪಾಲನ್ನು ಮರಳಿ ಆಕಾಶಕ್ಕೆ ಕಳುಹಿಸುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ‘ಕೂಲ್ ರೂಫ್’ ನೀತಿಯನ್ನೇ ಪ್ರಕಟಿಸಿತು. ಅದೇ ಬಿಸಿಲಿನ ಬೀದರ್, ಕಲಬುರಗಿ, ರಾಯಚೂರು, ಯಾದಗಿರಿಯ ಮನೆಗಳಿಗೂ ಈ ಪಾಠ ಅನ್ವಯಿಸುತ್ತದೆ. ಕೈಯಲ್ಲಿ ಹಣವಿಲ್ಲದವರು ಸುಣ್ಣವನ್ನೇ ಬಳಿಯಬಹುದು, ಆದರೆ ಅದನ್ನು ಪ್ರತಿವರ್ಷ ಬೇಸಿಗೆಗೆ ಮುನ್ನ ಹೊಸದಾಗಿ ಬಳಿಯಬೇಕಾಗುತ್ತದೆ. ಲೇಪನ ಯಾವುದೇ ಇರಲಿ, ದೂಳು ಕೂತರೆ ಗುಣ ಕುಗ್ಗುತ್ತದೆ. ವರ್ಷಕ್ಕೊಮ್ಮೆಯಾದರೂ ತೊಳೆಯುವುದು ಒಳ್ಳೆಯದು.

ಮುಂದಿನ ಮಟ್ಟದ್ದು ಶಾಖನಿರೋಧಕ ಪದರ. ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ವಸತಿ ಕಟ್ಟಡಗಳಿಗಾಗಿ ‘ಇಕೊ ನಿವಾಸ್ ಸಂಹಿತೆ’ಯನ್ನು ಹೊರತಂದಿತು. ಚಾವಣಿಯ ಒಂದು ಚದರ ಮೀಟರಿನ ಮೂಲಕ, ಒಳಹೊರಗಿನ ಒಂದು ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ಹರಿಯಬಾರದು ಎಂಬುದು ಅದರ ಅಳತೆಗೋಲು. ಸಂಹಿತೆ ರೂಪುಗೊಂಡದ್ದು ಹೊಸ ಕಟ್ಟಡಗಳಿಗಾಗಿ. ಆದರೂ ಹಳೆಯ ಮನೆಯ ಮಾಲೀಕರಿಗೆ ಅದು ಒಳ್ಳೆಯ ಗುರಿ. 150 ಮಿ.ಮೀ. ದಪ್ಪದ ಬರಿಯ ಆರ್‌ಸಿಸಿ ಚಾವಣಿಯಲ್ಲಿ ಈ ಪ್ರಮಾಣ 3 ವ್ಯಾಟ್ ಮೀರುತ್ತದೆ. ಮೇಲೆ 25 ಮಿ.ಮೀ. ದಪ್ಪದ ಪಾಲಿಸ್ಟೈರೀನ್ ಹಲಗೆ ಹಾಸಿ, ಜಲನಿರೋಧಕ ಪದರ ಮತ್ತು ತೆಳುವಾದ ಟೈಲ್ಸ್ ಮುಚ್ಚಿದರೆ ಅದು ಸುಮಾರು 1 ವ್ಯಾಟ್‌ಗೆ ಇಳಿಯುತ್ತದೆ. ಎಂದರೆ ಒಳಹರಿವು ಮೂರನೇ ಒಂದಾಗುತ್ತದೆ. ಒಂದೇ ಅಂಗುಲದ ಪದರ ಮಾಡುವ ಕೆಲಸವಿದು.

ಇಟ್ಟಿಗೆ ಚೂರಿನ ಗಾರೆ ಹಾಸಿಸುವ ಹಳೆಯ ಪದ್ಧತಿಯೂ ಸೆಕೆ ತಡೆಯುತ್ತದೆ. ಆದರೆ ಅದು ಭಾರ. ವಯಸ್ಸಾದ ಚಾವಣಿಯ ಮೇಲೆ ಪ್ರತಿ ಚದರ ಮೀಟರಿಗೆ 100 ಕಿಲೋಗೂ ಹೆಚ್ಚು ತೂಕ ಹೇರುವ ಮುನ್ನ ಎಂಜಿನಿಯರರ ಒಪ್ಪಿಗೆ ಬೇಕು. ತಾರಸಿ ತೋಟದ ಮಣ್ಣಿಗೂ ಇದೇ ಮಾತು ಅನ್ವಯಿಸುತ್ತದೆ.

ಹಂಚಿನ ಮನೆಗಳಲ್ಲಿ ಒಡೆದ ಹಂಚು, ಕೊಳೆತ ರೀಪು ಪಕ್ಕಾಸುಗಳನ್ನು ಬದಲಿಸಿ, ಹಂಚಿನ ಕೆಳಗೆ ಮರದ ಹಲಗೆಯ ಅಟ್ಟವನ್ನು ಉಳಿಸಿಕೊಂಡರೆ ಸಾಕಷ್ಟು ತಂಪು ದೊರೆಯುತ್ತದೆ. ಅಟ್ಟದ ಎರಡೂ ತುದಿಗಳಲ್ಲಿ ಗಾಳಿಯಾಡಲು ಕಿಂಡಿ ಬಿಡಬೇಕು. ಅಲ್ಲಲ್ಲಿ ಗಾಜಿನ ಹಂಚು ಹಾಕಿದರೆ ಹಗಲು ದೀಪ ಹಚ್ಚುವ ಪ್ರಮೇಯವೇ ಇರುವುದಿಲ್ಲ. ಹಂಚು ತೆಗೆದು ತಗಡಿನ ಶೀಟು ಹಾಕಿಸುವುದು ಖರ್ಚಿನಲ್ಲಿ ಅಗ್ಗವೆನಿಸಿದರೂ ಸೆಕೆಯಲ್ಲಿ ದುಬಾರಿ.

ಕಿಟಕಿ: ನೆರಳು ಹೊರಗಿರಲಿ

ಚಳಿ ದೇಶಗಳಲ್ಲಿ ಹಳೆಯ ಮನೆಯ ಸುಧಾರಣೆ ಎಂದರೆ ಸಂದುಗಳನ್ನು ಮುಚ್ಚಿ, ಎರಡು ಪದರದ ಗಾಜು ಹಾಕುವುದು. ಕರ್ನಾಟಕದ ಬಹುಭಾಗಕ್ಕೆ ಆ ಸೂತ್ರ ಹೊಂದುವುದಿಲ್ಲ. ಇಲ್ಲಿ ಬೇಕಾದುದು ನೆರಳು ಮತ್ತು ಗಾಳಿ. ಎ.ಸಿ. ಬಳಸದ ಮನೆಯಲ್ಲಿ ದುಬಾರಿ ಗಾಜಿಗೆ ಹಣ ಹಾಕುವುದರಿಂದ ಪ್ರಯೋಜನ ಅಲ್ಪ.

ಪಶ್ಚಿಮದ ಕಿಟಕಿಯಿಂದ ಬರುವ ಇಳಿಹೊತ್ತಿನ ಬಿಸಿಲು ಓರೆಯಾಗಿರುವುದರಿಂದ ಸಜ್ಜಾ ಅದನ್ನು ತಡೆಯಲಾರದು. ಒಳಗಿನ ಪರದೆಯೂ ಅಷ್ಟಾಗಿ ಉಪಯೋಗಕ್ಕೆ ಬಾರದು, ಏಕೆಂದರೆ ಬಿಸಿಲು ಗಾಜು ದಾಟಿದ ಮೇಲೆ ಅದರ ಶಾಖ ಕೋಣೆಯ ಪಾಲೇ. ಬಿದಿರಿನ ತಟ್ಟಿ, ಮರದ ಜಾಲರಿ, ಬಳ್ಳಿಯ ಚಪ್ಪರ ಯಾವುದೇ ಆಗಲಿ, ನೆರಳು ಗಾಜಿನ ಹೊರಗೆ ಇರಬೇಕು. ಹಳೆಯ ಮನೆಗಳ ತೇಗದ ಕಿಟಕಿಗಳನ್ನು ಕಿತ್ತು ಮಾರಿ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸುವವರು ಒಂದು ಲೆಕ್ಕ ಮರೆಯುತ್ತಾರೆ: ಬಾಗಿಲಿನಂತೆ ತೆರೆಯುವ ಕಿಟಕಿ ಪೂರ್ತಿ ತೆರೆದುಕೊಳ್ಳುತ್ತದೆ, ಎರಡು ಪಟ್ಟಿಯ ಸ್ಲೈಡಿಂಗ್ ಕಿಟಕಿ ಅರ್ಧವಷ್ಟೇ ತೆರೆಯುತ್ತದೆ. ಗಾಳಿಯೂ ಅರ್ಧವಾಗುತ್ತದೆ. ಹಳೆಯ ಬೆಳಕಿಂಡಿ, ಬಾಗಿಲ ಮೇಲಿನ ವೆಂಟಿಲೇಟರ್‌ಗಳನ್ನು ಮುಚ್ಚಿಸದೆ ಸೊಳ್ಳೆ ಪರದೆ ಹಾಕಿಸಿ ಉಳಿಸಿಕೊಳ್ಳುವುದೇ ಜಾಣತನ.

ಒಣಹವೆಯ ಕಲಬುರಗಿ, ವಿಜಯಪುರದಂತಹ ಊರುಗಳಲ್ಲಿ ಏರ್ ಕೂಲರ್ ಉತ್ತಮವಾಗಿ ಕೆಲಸ ಮಾಡುತ್ತದೆ ಮತ್ತು ಎ.ಸಿ.ಗಿಂತ ಹಲವು ಪಟ್ಟು ಕಡಿಮೆ ವಿದ್ಯುತ್ ಬಳಸುತ್ತದೆ. ತೇವ ತುಂಬಿದ ಮಂಗಳೂರಿನಲ್ಲಿ ಅದೇ ಕೂಲರ್ ನಿಷ್ಪ್ರಯೋಜಕ. ಅಲ್ಲಿ ಫ್ಯಾನು ಮತ್ತು ಅಡ್ಡಗಾಳಿಯೇ ಆಧಾರ.

ಬಿಲ್ಲಿನ ಲೆಕ್ಕ

ಸೂರು, ಕಿಟಕಿಗಳಿಂದ ಸಿಗುವುದು ಮುಖ್ಯವಾಗಿ ನೆಮ್ಮದಿ. ಎ.ಸಿ. ಇಲ್ಲದ ಮನೆಯಲ್ಲಿ ಬಿಲ್ಲು ಇಳಿಯುವುದು ಬಿಸಿನೀರು, ಫ್ಯಾನು ಮತ್ತು ದೀಪಗಳಿಂದ. ಒಂದು ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಇಷ್ಟು ತಿಳಿದರೆ ಯಾರೂ ತಮ್ಮ ಮನೆಯ ಲೆಕ್ಕ ಹಾಕಬಹುದು.

ನಾಲ್ಕು ಜನರ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 75 ವ್ಯಾಟಿನ 4 ಹಳೆಯ ಫ್ಯಾನುಗಳು ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 90 ಯೂನಿಟ್. ಚೋಕ್ ಸೇರಿ ಸುಮಾರು 50 ವ್ಯಾಟ್ ಎಳೆಯುವ 4 ಹಳೆಯ ಟ್ಯೂಬ್‌ಲೈಟುಗಳು ದಿನಕ್ಕೆ 5 ಗಂಟೆ ಉರಿದರೆ 30 ಯೂನಿಟ್. ಸ್ನಾನಕ್ಕೆ 100 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ದಿನಕ್ಕೆ ಸುಮಾರು 3 ಯೂನಿಟ್ ಬೇಕು, ತಿಂಗಳಿಗೆ 90. ಫ್ರಿಜ್‌ಗೆ 40, ಟಿ.ವಿ., ಮಿಕ್ಸಿ, ಸಂಪಿನ ಪಂಪು ಮುಂತಾದವಕ್ಕೆ 40 ಎಂದು ಹಿಡಿದರೆ ಒಟ್ಟು 290 ಯೂನಿಟ್.

ಈ ಮನೆಗೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ 90 ಯೂನಿಟ್ 36ಕ್ಕೆ ಇಳಿಯುತ್ತದೆ. 20 ವ್ಯಾಟಿನ ಎಲ್‌ಇಡಿ ಟ್ಯೂಬುಗಳಿಂದ 30 ಯೂನಿಟ್ 12 ಆಗುತ್ತದೆ. ಸೋಲಾರ್ ಹೀಟರ್ ಅಳವಡಿಸಿ, ಮೋಡ ಕವಿದ ದಿನಗಳಿಗೆಂದು 15 ಯೂನಿಟ್ ಮೀಸಲಿಟ್ಟರೂ ಒಟ್ಟು ಬಳಕೆ 143 ಯೂನಿಟ್‌ಗೆ ಬರುತ್ತದೆ. ಯೂನಿಟ್‌ಗೆ 6 ರೂಪಾಯಿಯಂತೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 10,500 ರೂಪಾಯಿ ಉಳಿತಾಯ. ಫ್ರಿಜ್ ಬದಲಿಸುವ ಕಾಲ ಬಂದಾಗ ಸ್ಟಾರ್ ಲೇಬಲ್ಲಿನ ಮೇಲೆ ಮುದ್ರಿಸಿರುವ ವಾರ್ಷಿಕ ಯೂನಿಟ್ ಸಂಖ್ಯೆಯನ್ನು ಓದಿ ಕೊಂಡರೆ ಇನ್ನಷ್ಟು ಉಳಿಯುತ್ತದೆ. ಸೀಲಿಂಗ್ ಫ್ಯಾನುಗಳಿಗೂ 2023ರ ಜನವರಿಯಿಂದ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ.

ರಾಜ್ಯದ ‘ಗೃಹಜ್ಯೋತಿ’ ಯೋಜನೆ 2023ರಲ್ಲಿ ಜಾರಿಗೆ ಬಂದ ಮೇಲೆ 200 ಯೂನಿಟ್‌ನ ಗೆರೆಗೆ ವಿಶೇಷ ಮಹತ್ವ ಬಂದಿದೆ. ಆಯಾ ಮನೆಯ 2022–23ರ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್ ನಿಗದಿಯಾಗುವುದರಿಂದ, ಇಂದು ಬಳಕೆ ತಗ್ಗಿಸಿದ ಮಾತ್ರಕ್ಕೆ ಎಲ್ಲರಿಗೂ ಪೂರ್ಣ ಉಚಿತ ವಿದ್ಯುತ್ ದೊರೆಯದು. ಆದರೆ ಈಗಾಗಲೇ ಫಲಾನುಭವಿಯಾಗಿರುವ ಮನೆಯ ಬಳಕೆ ಬೇಸಿಗೆಯ ತಿಂಗಳಲ್ಲಿ 200 ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಗೆರೆಯ ಅಂಚಿನಲ್ಲಿರುವ ಇಂತಹ ಕುಟುಂಬಗಳಿಗೆ ಎರಡು ಹಳೆಯ ಫ್ಯಾನು ಬದಲಿಸುವುದೂ ದೊಡ್ಡ ಲಾಭವೇ.

ಸೋಲಾರ್ ಹೀಟರ್ ರಾಜ್ಯಕ್ಕೆ ಹೊಸತಲ್ಲ. ನಿಗದಿತ ಅಳತೆ ಮೀರಿದ ಮನೆಗಳಿಗೆ ಅದನ್ನು ಕಡ್ಡಾಯಗೊಳಿಸಿ ರಾಜ್ಯ ಸರ್ಕಾರ ಆದೇಶ ಹೊರಡಿಸಿದ್ದು 2007ರಲ್ಲಿ. ಹಳೆಯ ಮನೆಗೆ ಅಳವಡಿಸುವಾಗ ಎರಡು ಅಂಶ ಗಮನಿಸಬೇಕು. ಕೊಳವೆಬಾವಿಯ ಗಡಸು ನೀರಿದ್ದರೆ ಒಳಗೆ ಸುಣ್ಣ ಕಟ್ಟುವುದರಿಂದ ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿ ಸೂಕ್ತ. ತಾರಸಿಯಿಂದ ಕೆಳಮಹಡಿಯ ಬಚ್ಚಲಿನವರೆಗಿನ ಕೊಳವೆಗೆ ಶಾಖನಿರೋಧಕ ಹೊದಿಕೆ ಇರಬೇಕು. ಇಲ್ಲವಾದರೆ ಬಿಸಿನೀರು ಬರುವಷ್ಟರಲ್ಲಿ ಒಂದೆರಡು ಬಕೆಟ್ ತಣ್ಣೀರು ಚರಂಡಿ ಪಾಲಾಗುತ್ತದೆ.

ಸೌರ ಫಲಕ ಕೊನೆಗೆ ಬರಲಿ

ಚಾವಣಿಯ ಮೇಲೆ ಸೌರ ವಿದ್ಯುತ್ ಫಲಕ ಹಾಕಿಸುವ ಉತ್ಸಾಹ ಎಲ್ಲೆಡೆ ಇದೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ‘ಪಿ.ಎಂ. ಸೂರ್ಯಘರ್’ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟಿಗೆ 30,000 ರೂ., ಮೂರನೆಯ ಕಿಲೋವ್ಯಾಟಿಗೆ 18,000 ರೂ., ಒಟ್ಟಾರೆ ಗರಿಷ್ಠ 78,000 ರೂ. ಸಹಾಯಧನ ನಿಗದಿಪಡಿಸಲಾಯಿತು. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್‌ನಷ್ಟು ಉತ್ಪಾದನೆ ನಿರೀಕ್ಷಿಸಬಹುದು.

ಮೇಲಿನ ಉದಾಹರಣೆಯ ಮನೆಗೆ ಸುಧಾರಣೆಗೆ ಮುನ್ನ ಎರಡೂವರೆ ಕಿಲೋವ್ಯಾಟ್ ಬೇಕಾಗುತ್ತಿತ್ತು. ಸುಧಾರಣೆಯ ನಂತರ ಒಂದೂಕಾಲು ಕಿಲೋವ್ಯಾಟ್ ಸಾಕು. ಬಳಕೆ ತಗ್ಗಿಸಿದ ಮೇಲೆಯೇ ಫಲಕ ಕೊಳ್ಳಬೇಕು ಎನ್ನುವುದು ಇದಕ್ಕಾಗಿ. ತಾರಸಿಯ ಜಲನಿರೋಧಕ ಕೆಲಸವೂ ಮೊದಲೇ ಮುಗಿದಿರಬೇಕು. ಫಲಕ ನಿಂತ ಮೇಲೆ ಸೋರಿಕೆ ಕಂಡರೆ ಎಲ್ಲವನ್ನೂ ಬಿಚ್ಚುವುದು ತಪ್ಪದು. ಗೃಹಜ್ಯೋತಿಯಡಿ ಶೂನ್ಯ ಬಿಲ್ಲು ಪಡೆಯುತ್ತಿರುವ ಕುಟುಂಬಕ್ಕೆ ಫಲಕದ ಹೂಡಿಕೆ ಮರಳಿ ಬರುವುದು ನಿಧಾನ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಳೆಯ ಮನೆಗಳಲ್ಲಿ ಮತ್ತೊಂದು ತೊಡಕು ಕಾಗದದ್ದು. ಆರ್.ಆರ್. ಸಂಖ್ಯೆ ಇನ್ನೂ ದಿವಂಗತ ತಂದೆಯ ಅಥವಾ ತಾತನ ಹೆಸರಿನಲ್ಲಿಯೇ ಇರುವ ಮನೆಗಳು ಅಸಂಖ್ಯ. ಅರ್ಜಿದಾರರ ಹೆಸರಿಗೂ ಬಿಲ್ಲಿನ ಹೆಸರಿಗೂ ತಾಳೆಯಾಗದಿದ್ದರೆ ಸಹಾಯಧನಕ್ಕೆ ಅಡ್ಡಿಯಾಗುತ್ತದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಯಾವುದೇ ಇರಲಿ, ಹೆಸರು ಬದಲಾವಣೆಯ ಕೆಲಸವನ್ನು ಮೊದಲೇ ಮುಗಿಸಿಕೊಳ್ಳುವುದು ಕ್ಷೇಮ.

ಮೌಲ್ಯ ನಿಜಕ್ಕೂ ಏರುವುದೇ?

ಮಹಾನಗರಗಳಲ್ಲಿ ಹಳೆಯ ಮನೆಯ ಬೆಲೆ ಎಂದರೆ ಬಹುಪಾಲು ನಿವೇಶನದ ಬೆಲೆ. ಕೊಳ್ಳುವವರು ಕಟ್ಟಡವನ್ನು ಕೆಡವುವ ಉದ್ದೇಶದಿಂದಲೇ ಬಂದರೆ ಹೊಸ ಟೈಲ್ಸಿಗಾಗಲೀ ಶಾಖನಿರೋಧಕ ಪದರಕ್ಕಾಗಲೀ ಬೆಲೆ ಕಟ್ಟುವುದಿಲ್ಲ. ಆದ್ದರಿಂದ ಒಂದೆರಡು ವರ್ಷಗಳಲ್ಲಿ ಮಾರುವ ಯೋಚನೆ ಇದ್ದವರು ಭಾರೀ ಖರ್ಚಿಗೆ ಇಳಿಯದಿರುವುದು ಲೇಸು. ಅಲ್ಲಿಯೇ ವಾಸಿಸುವವರಿಗೆ, ಬಾಡಿಗೆಗೆ ಕೊಡುವವರಿಗೆ ಲೆಕ್ಕ ಬೇರೆ. ಸೋರದ ಸೂರು, ಸುರಕ್ಷಿತ ವೈರಿಂಗ್, ಸೋಲಾರ್ ಬಿಸಿನೀರು ಇರುವ ಮನೆ ಬಾಡಿಗೆದಾರರಿಲ್ಲದೆ ಖಾಲಿ ಬೀಳುವುದು ಕಡಿಮೆ. ಕೆಂಪು ಕಾವಿನೆಲ, ತೇಗದ ಕಂಬ, ತೊಟ್ಟಿಯಂತಹ ಅಂಶಗಳಿಗೆ ಮೈಸೂರು ಹಾಗೂ ಮಲೆನಾಡಿನಲ್ಲಿ ಹೋಂಸ್ಟೇ ನಡೆಸುವವರು ಪ್ರತ್ಯೇಕ ಮೌಲ್ಯ ಕೊಡುತ್ತಾರೆ. ಅವನ್ನು ಒಮ್ಮೆ ಕಿತ್ತರೆ ಅದೇ ಬೆಲೆಗೆ ಮತ್ತೆ ದೊರೆಯಲಾರವು.

ಮೌಲ್ಯಕ್ಕೆ ಇನ್ನೊಂದು ಆಧಾರ ದಾಖಲೆ. ಆಸ್ತಿ ನೋಂದಣಿಗೆ ಇ–ಖಾತಾ ಕಡ್ಡಾಯವಾಗಿರುವುದರಿಂದ ಅದನ್ನು ಸರಿಪಡಿಸಿಕೊಳ್ಳದೆ ಮಾಡುವ ನವೀಕರಣ ಮಾರಾಟದ ವೇಳೆ ನೆರವಿಗೆ ಬಾರದು. ಗೋಡೆ ತೆಗೆಯುವ, ಮಹಡಿ ಏರಿಸುವಂತಹ ಬದಲಾವಣೆಗೆ ಸ್ಥಳೀಯ ಸಂಸ್ಥೆಯ ಪರವಾನಗಿ ಪಡೆಯಬೇಕು. ಹೊಸ ವೈರಿಂಗಿನ ನಕ್ಷೆ, ಜಲನಿರೋಧಕ ಕೆಲಸದ ಗ್ಯಾರಂಟಿ ಪತ್ರ, ಎಂಜಿನಿಯರರ ವರದಿ, ಹಿಂದಿನ ಮತ್ತು ಇಂದಿನ ವಿದ್ಯುತ್ ಬಿಲ್ಲುಗಳನ್ನು ಒಂದೇ ಕಡತದಲ್ಲಿ ಜೋಡಿಸಿಟ್ಟರೆ ಕೊಳ್ಳುವವರ ಅನುಮಾನಗಳಿಗೆ ಅದೇ ಉತ್ತರ. ಸಾಲ ಮಾಡಿ ದುರಸ್ತಿ ಮಾಡಿಸುವವರು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡಿದ್ದಲ್ಲಿ, ಸ್ವಂತ ವಾಸದ ಮನೆಯ ದುರಸ್ತಿ ಸಾಲದ ಬಡ್ಡಿಯ ಮೇಲೆ ವರ್ಷಕ್ಕೆ 30,000 ರೂ.ವರೆಗೆ ವಿನಾಯಿತಿಗೆ ಅವಕಾಶವಿದೆ.

ಹಣ ಒಮ್ಮೆಗೇ ಕೂಡಿಬರದಿದ್ದರೂ ಚಿಂತೆಯಿಲ್ಲ. ಮೊದಲ ವರ್ಷ ಸೋರಿಕೆ ಮತ್ತು ವೈರಿಂಗ್, ಎರಡನೆಯ ಬೇಸಿಗೆಗೆ ಮುನ್ನ ತಾರಸಿಯ ಬಿಳಿ ಲೇಪನ ಹಾಗೂ ಫ್ಯಾನು, ಮೂರನೆಯ ವರ್ಷ ಸೋಲಾರ್ ಹೀಟರ್, ಆಮೇಲೆ ಬೇಕೆನಿಸಿದರೆ ಫಲಕ. ಈ ಕ್ರಮದಲ್ಲಿ ನಡೆದರೆ ಒಂದು ಕೆಲಸಕ್ಕಾಗಿ ಇನ್ನೊಂದನ್ನು ಒಡೆಯುವ ಪ್ರಸಂಗ ಬರುವುದಿಲ್ಲ. ಟೈಲ್ಸು, ಬಣ್ಣ, ಅಲಂಕಾರಗಳಿಗೆ ಕೊನೆಯ ಸರದಿ ಇದ್ದೇ ಇದೆ. ಹಿರಿಯರು ಕಟ್ಟಿಸಿದ ಗೋಡೆಗಳು ಗಟ್ಟಿಯಾಗಿದ್ದರೆ ಅವು ಇನ್ನೊಂದು ತಲೆಮಾರನ್ನು ನೆಮ್ಮದಿಯಿಂದ ಬಾಳಿಸಬಲ್ಲವು.